ಹೊಗೆಗೆ ತಕ್ಕ ತೆರಿಗೆ ನ್ಯಾಯವೇ? ಓದುಗರ ಪ್ರಶ್ನೆ, ನನ್ನ ಉತ್ತರ

ಹೊಗೆ ಜಾಸ್ತಿ ಬಿಡುವ ಗಾಡಿಗೆ ರಸ್ತೆ ತೆರಿಗೆಯೂ ಜಾಸ್ತಿ ಇರಬೇಕು ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಅದಕ್ಕೆ ವಿಜಯಪುರ, ಬೆಳಗಾವಿ, ಬಾಗಲಕೋಟೆ ಮೂರೂ ಜಿಲ್ಲೆಗಳಿಂದ ಪತ್ರಗಳು ಬಂದಿವೆ. ಒಪ್ಪಿದವರಿಗಿಂತ ಸಿಟ್ಟಾದವರೇ ಜಾಸ್ತಿ. ಆ ಸಿಟ್ಟಿನಲ್ಲಿ ಹುರುಳಿದೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನು ಬದಿಗಿಟ್ಟು ಇದನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಅಕ್ಕಾರೇ, ನನ್ನದು 2012ರ ಕ್ರೂಸರ್. ಇಂಡಿಯಿಂದ ವಿಜಯಪುರಕ್ಕೆ ಟ್ರಿಪ್ ಹೊಡೆಯುತ್ತೇನೆ. ಲಗ್ನದ ಸೀಜನ್‌ನಲ್ಲಿ ಬೀಗರನ್ನು ಕರೆದೊಯ್ಯುತ್ತೇನೆ. ಹುಣ್ಣಿಮೆಗೆ ಸವದತ್ತಿ ಗುಡ್ಡ, ಆಷಾಢಕ್ಕೆ ಪಂಢರಪುರ. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳೆಲ್ಲ ಬಸ್ ಹತ್ತಿದರು, ನಮಗೆ ಗಿರಾಕಿ ಕಡಿಮೆಯಾಯಿತು. ಈಗ ನೀವು ಹೊಗೆಗೆ ತೆರಿಗೆ ಅಂತೀರಿ. 40 ಲಕ್ಷದ ಕಾರಿನಲ್ಲಿ ಒಬ್ಬರೇ ಹೋಗುವವರದು ಬಿಎಸ್-6, ಅಂದರೆ ಸರ್ಕಾರದ ಹೊಗೆ ಮಿತಿಯ ಹೊಸ ಹಂತದ್ದು, ಅವರಿಗೆ ಕಡಿಮೆ. ಹನ್ನೆರಡು ಜನರನ್ನು ಕೂರಿಸಿಕೊಂಡು ಹೋಗುವ ನನಗೆ ಜಾಸ್ತಿ. ಇದು ಯಾವ ಊರಿನ ನ್ಯಾಯ?
- ಕ್ರೂಸರ್ ಮಾಲೀಕರು, ಇಂಡಿ

ಉತ್ತರ: ಅಣ್ಣಾರೇ, ಸರಿಯಾದ ಪ್ರಶ್ನೆಯನ್ನೇ ಕೇಳಿದ್ದೀರಿ. ಲೆಕ್ಕ ಹಾಕಿಯೇ ನೋಡೋಣ.

ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಗೆ ಬರುತ್ತದೆ. ನಿಮ್ಮ ಗಾಡಿ ಲೀಟರಿಗೆ 12 ಕಿ.ಮೀ. ಕೊಡುತ್ತದೆ ಎಂದುಕೊಳ್ಳೋಣ. ಆಗ ಪ್ರತಿ ಕಿ.ಮೀ.ಗೆ 225 ಗ್ರಾಂ ಆಯಿತು. ಹನ್ನೆರಡು ಜನಕ್ಕೆ ಹಂಚಿದರೆ ತಲೆಗೆ 19 ಗ್ರಾಂ. ಅಷ್ಟೇ ಮೈಲೇಜಿನ ದೊಡ್ಡ ಕಾರಿನಲ್ಲಿ ಒಬ್ಬರೇ ಹೋದರೆ 225 ಗ್ರಾಂ ಪೂರ್ತಿ ಅವರೊಬ್ಬರದೇ. ಭೂಮಿ ಬಿಸಿಯಾಗುವ ಲೆಕ್ಕದಲ್ಲಿ ನಿಮ್ಮದು ತಪ್ಪಿಲ್ಲ. ಯಾರು ಕೇಳಿದರೂ ಇದನ್ನು ಧೈರ್ಯವಾಗಿ ಹೇಳಿ.

ಆದರೆ ಹೊಗೆಯಲ್ಲಿ ಇನ್ನೊಂದಿದೆ, ಕರಿ ಮಸಿ. ಎದೆಗೆ ಇಳಿಯುವುದು ಅದು. ಬಿಎಸ್-3 ಡೀಸೆಲ್ ಕಾರು ಕಿ.ಮೀ.ಗೆ 50 ಮಿಲಿಗ್ರಾಂವರೆಗೆ ಮಸಿ ಬಿಡಬಹುದಿತ್ತು. ಬಿಎಸ್-4ರಲ್ಲಿ ಅದು 25ಕ್ಕೆ ಇಳಿಯಿತು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6ರಲ್ಲಿ ಬರೀ 4.5. ಇವು ಕಾರಿನ ಅಂಕಿಗಳು. ನಿಮ್ಮದರಂಥ ಭಾರದ ಗಾಡಿಗೆ ಮಿತಿ ಇನ್ನೂ ಸಡಿಲ. ಮೇಲೆ ಎಂಜಿನ್‌ಗೂ ವಯಸ್ಸಾಗಿದೆ. ಕಾರಿನ ಅಂಕಿಯನ್ನೇ ಹಿಡಿದು 50ನ್ನು ಹನ್ನೆರಡು ಜನಕ್ಕೆ ಹಂಚಿದರೂ ತಲೆಗೆ 4 ಮಿಲಿಗ್ರಾಂ ದಾಟುತ್ತದೆ. ಹೊಸ ಕಾರಿನಲ್ಲಿ ಒಬ್ಬರೇ ಹೋಗುವವರಿಗೆ ಹೆಚ್ಚುಕಡಿಮೆ ಸಮ. ಅರ್ಧ ಸೀಟು ಖಾಲಿ ಇದ್ದ ದಿನ ನಿಮ್ಮದೇ ಜಾಸ್ತಿ.

ಇನ್ನೊಂದು ಮಾತು. ತಲೆಗೆ ಇಷ್ಟು ಅಂತ ಹಂಚುವುದು ಕಾಗದದ ಮೇಲೆ ಮಾತ್ರ. ಆ ಮಸಿಯನ್ನು ಉಸಿರಾಡುವವರು ಗಾಡಿಯೊಳಗೆ ಕೂತವರಲ್ಲ. ನಾನು ವಿಜಯಪುರದಲ್ಲಿ ಡಿಪ್ಲೊಮಾ ಹುಡುಗರಿಗೆ ಆಟೊಮೊಬೈಲ್ ಕಲಿಸುತ್ತೇನೆ. ಕಾಲೇಜಿಗೆ ಹೋಗುವ ದಾರಿಯಲ್ಲಿ ಒಂದು ಟಂಟಂ ಆಟೊ ಸ್ಟ್ಯಾಂಡ್ ಇದೆ. ಕ್ರೂಸರ್‌ಗಳೂ ಅಲ್ಲೇ ನಿಲ್ಲುತ್ತವೆ. ಸೀಟು ತುಂಬುವವರೆಗೆ ಎಂಜಿನ್ ಬಂದ್ ಮಾಡುವುದಿಲ್ಲ. ಅದರ ಬದಿಯಲ್ಲೇ ಬುಟ್ಟಿ ಇಟ್ಟುಕೊಂಡು ಒಬ್ಬ ಅಜ್ಜಿ ಬಾಳೆಹಣ್ಣು ಮಾರುತ್ತಾರೆ. ಬೆಳಗ್ಗೆಯಿಂದ ಕತ್ತಲಾಗುವವರೆಗೆ ಅಲ್ಲೇ. ಆಕೆಗೆ ಸೈಕಲ್ ಕೂಡ ಇಲ್ಲ. ರಸ್ತೆ ತೆರಿಗೆಯ ಮಾತು ಬಂದಾಗ ನಾವೆಲ್ಲ ಗಾಡಿ ಇದ್ದವರ ನಡುವಿನ ನ್ಯಾಯವನ್ನಷ್ಟೇ ಮಾತಾಡುತ್ತೇವೆ. ನಿಮಗೆಷ್ಟು, ಕಾರಿನವರಿಗೆಷ್ಟು, ಲಾರಿಯವರಿಗೆಷ್ಟು. ಗಾಡಿಯೇ ಇಲ್ಲದೆ ಹೊಗೆ ಕುಡಿಯುವವರಿಗೆ ಯಾವ ನ್ಯಾಯ? ನನ್ನ ವಾದ ಶುರುವಾಗುವುದು ಆ ಅಜ್ಜಿಯಿಂದ.

ಈಗ ಕಾನೂನು ಎಲ್ಲಿದೆ ನೋಡಿ. ಹೊಸ ಕಾರಿಗೆ ಕರ್ನಾಟಕ ತೆರಿಗೆ ಹಾಕುವುದು ಬೆಲೆ ನೋಡಿ, ಹೊಗೆ ನೋಡಿ ಅಲ್ಲ. ಹೊಗೆಯ ಹೆಸರಿನಲ್ಲಿ ಇರುವುದು ಹಸಿರು ತೆರಿಗೆ ಒಂದೇ. ಅದು ಹಳೆಯ ಗಾಡಿಗಳ ಮೇಲೆ ಬೀಳುವ ಸಣ್ಣ ಮೊತ್ತ. 2021ರ ಜನವರಿಯಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಇದನ್ನು ದೊಡ್ಡದು ಮಾಡುವ ಪ್ರಸ್ತಾವ ಇಟ್ಟಿತು. 8 ವರ್ಷ ದಾಟಿದ ಬಾಡಿಗೆ ಗಾಡಿಗಳಿಗೆ ಪಾಸಿಂಗ್ (ಫಿಟ್‌ನೆಸ್ ಸರ್ಟಿಫಿಕೇಟ್ ನವೀಕರಣ) ಮಾಡಿಸುವಾಗ ರಸ್ತೆ ತೆರಿಗೆಯ ಶೇ 10ರಿಂದ 25ರಷ್ಟು ಹೆಚ್ಚುವರಿ. ಸ್ವಂತ ಗಾಡಿಗಳಿಗೆ 15 ವರ್ಷದ ನಂತರ. ಸಿಟಿ ಬಸ್ಸಿನಂಥ ಸಾರ್ವಜನಿಕ ಸಾರಿಗೆಗೆ ಕಡಿಮೆ. ಆಗ ಸಚಿವಾಲಯ ಕೊಟ್ಟ ಕಾರಣವೂ ಗಟ್ಟಿಯಾದದ್ದೇ: ದೇಶದ ಒಟ್ಟು ವಾಹನಗಳಲ್ಲಿ ಬಾಡಿಗೆ ಮತ್ತು ಸರಕು ಗಾಡಿಗಳು ಸುಮಾರು ಶೇ 5, ಆದರೆ ವಾಹನಗಳ ಮಾಲಿನ್ಯದಲ್ಲಿ ಅವುಗಳ ಪಾಲು ಶೇ 65ರಿಂದ 70.

ಈ ಅಂಕಿ ಕಣ್ಣ ಮುಂದೆ ಇರುವಾಗ ದುಡಿಯುವ ಗಾಡಿಯನ್ನು ಪೂರ್ತಿ ಬಿಟ್ಟುಬಿಡಿ ಎಂದು ನಾನು ಹೇಳಲಾರೆ. ಆದರೆ ಆ ಪ್ರಸ್ತಾವದ ಎರಡು ವಿಷಯಕ್ಕೆ ನನ್ನ ತಕರಾರಿದೆ.

ಒಂದು, ವಯಸ್ಸು ನೋಡಿ ತೆರಿಗೆ ಹಾಕುವುದು. ವಯಸ್ಸಿಗೂ ಹೊಗೆಗೂ ಸಂಬಂಧ ಇದೆ, ನಿಜ. ಆದರೆ ಎರಡೂ ಒಂದೇ ಅಲ್ಲ. ಗಾಡಿ ಯಾವ ಬಿಎಸ್ ಹಂತದ್ದು, ಪಾಸಿಂಗ್ ದಿನ ಅದರ ಹೊಗೆ ಎಷ್ಟಿತ್ತು, ಈ ಎರಡರ ಮೇಲೆ ತೆರಿಗೆ ನಿಲ್ಲಬೇಕು. ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಝಲ್ ಸರ್ವಿಸ್ ಮಾಡಿಸಿ, ಡೀಸೆಲ್ ಪಂಪ್ ಕ್ಯಾಲಿಬ್ರೇಷನ್ ಮಾಡಿಸಿ, ಹೊಗೆ ಇಳಿಸಿಕೊಂಡು ಬಂದವನಿಗೆ ತೆರಿಗೆಯೂ ಇಳಿಯಬೇಕು. ಇಲ್ಲದಿದ್ದರೆ ಸರ್ವಿಸ್‌ಗೆ ಯಾರು ದುಡ್ಡು ಹಾಕುತ್ತಾರೆ, ಹೇಳಿ?

ಎರಡನೆಯದು ಇನ್ನೂ ಮುಖ್ಯ. ಬೇರೆ ದಾರಿಯೇ ಇಲ್ಲದವನ ಮೇಲೆ ಮೊದಲು ತೆರಿಗೆ ಹಾಕಿ, ದಾರಿ ಆಮೇಲೆ ಮಾಡೋಣ ಎನ್ನುವುದು ಅನ್ಯಾಯ. 2018ರ ನವೆಂಬರ್‌ನಲ್ಲಿ ಫ್ರಾನ್ಸ್‌ನಲ್ಲಿ ಹಳದಿ ಅಂಗಿ ತೊಟ್ಟ ಪ್ರತಿಭಟನಾಕಾರರು ಬೀದಿಗಿಳಿದದ್ದು ನಿಮಗೆ ನೆನಪಿರಬಹುದು. ಇಂಧನದ ಮೇಲಿನ ತೆರಿಗೆ ಏರಿಕೆಯೇ ಅದರ ಕಿಡಿ. ಬೀದಿಗಿಳಿದವರಲ್ಲಿ ಬಹಳ ಜನ ಸಣ್ಣ ಊರಿನವರು, ಗಾಡಿ ಇಲ್ಲದಿದ್ದರೆ ಕೆಲಸಕ್ಕೆ ಹೋಗಲಾಗದವರು. ನಮ್ಮಲ್ಲಿಯೂ ಸಂಜೆ ಏಳರ ಮೇಲೆ ಎಷ್ಟೋ ಹಳ್ಳಿಗೆ ಬಸ್ ಇಲ್ಲ. ಆ ಹೊತ್ತಿಗೆ ಜನರನ್ನು ಮನೆ ಮುಟ್ಟಿಸುವವರು ನಿಮ್ಮಂಥವರು. ಅದು ಸಾರ್ವಜನಿಕ ಸಾರಿಗೆ ಅಲ್ವಾ? ಬಸ್ಸಿಗೆ ಕೊಡುವ ರಿಯಾಯಿತಿ ನಿಮಗೂ ಸಿಗಬೇಕು.

ಹಳೆಯ ಗಾಡಿಯನ್ನು ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಟ್ಟು ಸರ್ಟಿಫಿಕೇಟ್ ಪಡೆದರೆ ಹೊಸ ಬಾಡಿಗೆ ಗಾಡಿಯ ರಸ್ತೆ ತೆರಿಗೆಯಲ್ಲಿ ಶೇ 15ರವರೆಗೆ, ಸ್ವಂತ ಗಾಡಿಗೆ ಶೇ 25ರವರೆಗೆ ರಿಯಾಯಿತಿ ಕೊಡಬಹುದು ಎಂದು ಕೇಂದ್ರದ ನಿಯಮ ಹೇಳುತ್ತದೆ. 2022ರ ಏಪ್ರಿಲ್‌ನಿಂದ ಅದು ಜಾರಿಯಲ್ಲಿದೆ. ನನಗೆ ಈ ಲೆಕ್ಕ ತಲೆಕೆಳಗಾಗಿ ಕಾಣುತ್ತದೆ. ಜಾಸ್ತಿ ಮಸಿ ಬಿಡುವುದು ಬಾಡಿಗೆ ಗಾಡಿ ಎಂದ ಮೇಲೆ ಅದನ್ನು ಬದಲಿಸುವವನಿಗೇ ಜಾಸ್ತಿ ರಿಯಾಯಿತಿ ಸಿಗಬೇಕಿತ್ತು. ಅದರ ಜೊತೆಗೆ ಕಡಿಮೆ ಬಡ್ಡಿಯ ಸಾಲವೂ ಬೇಕು. ದೊಡ್ಡ ಕಾರುಗಳಿಂದ ಬಂದ ಹೊಗೆ ತೆರಿಗೆಯನ್ನು ಅದಕ್ಕೇ ಮೀಸಲಿಡಲಿ.

ಅಲ್ಲಿಯವರೆಗೆ ನೀವು ಮಾಡಬಹುದಾದದ್ದು: ಕರಿ ಹೊಗೆ ಅಂದರೆ ಪೂರ್ತಿ ಉರಿಯದ ಡೀಸೆಲ್. ನಿಮ್ಮದೇ ದುಡ್ಡು ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತಿದೆ. ಏರ್ ಫಿಲ್ಟರ್ ನೋಡಿ. ನಾಝಲ್ ತೆಗೆಸಿ ಪ್ರೆಷರ್ ಚೆಕ್ ಮಾಡಿಸಿ. ಮೇಲೆ ಲಗೇಜು, ಹಿಂದೆ ಜೋತು ಬಿದ್ದ ಜನ, ಇವೆರಡನ್ನೂ ಕಡಿಮೆ ಮಾಡಿ. ಸ್ಟ್ಯಾಂಡಿನಲ್ಲಿ ನಿಂತಾಗ ದಯವಿಟ್ಟು ಎಂಜಿನ್ ಬಂದ್ ಮಾಡಿ.

ಪ್ರಶ್ನೆ: ಮೇಡಂ, ಕಳೆದ ವರ್ಷ 22 ಲಕ್ಷದ ಡೀಸೆಲ್ ಎಸ್‌ಯುವಿ ತೆಗೆದುಕೊಂಡೆ. ಶೇ 18 ಅಂದರೆ ಸುಮಾರು 4 ಲಕ್ಷ ತೆರಿಗೆ, ಸೆಸ್ ಬೇರೆ. ಕೊಲ್ಹಾಪುರದಲ್ಲಿರುವ ನಮ್ಮ ತಮ್ಮ ಅಂಥದ್ದೇ ಗಾಡಿಗೆ ಶೇ 15 ಕಟ್ಟಿದ. ಜಿಎಸ್‌ಟಿಯಲ್ಲೂ ದೊಡ್ಡ ಗಾಡಿಗೆ ದೊಡ್ಡ ತೆರಿಗೆಯೇ. ಬಿಎಸ್-6 ಎಂಜಿನ್, ಹೊಗೆ ತಗ್ಗಿಸುವ ಯೂರಿಯಾ ದ್ರಾವಣವನ್ನೂ ತುಂಬಿಸುತ್ತೇನೆ. ಇಷ್ಟಾದ ಮೇಲೂ ಹೊಗೆಗೆ ಮತ್ತೆ ತೆರಿಗೆ ಯಾಕೆ?
- ವ್ಯಾಪಾರಿ, ಟಿಳಕವಾಡಿ, ಬೆಳಗಾವಿ

ಉತ್ತರ: ಸರ್, ನೀವು ಕಟ್ಟಿದ್ದು ದೊಡ್ಡ ಮೊತ್ತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಬೆಲೆಯ ಮೇಲೆ ಕಟ್ಟಿದ್ದು. 5 ಲಕ್ಷದವರೆಗೆ ಶೇ 13, 10 ಲಕ್ಷದವರೆಗೆ 14, 20ರವರೆಗೆ 17, ಅದರ ಮೇಲೆ 18. ಹೆಚ್ಚು ಇದ್ದವರು ಹೆಚ್ಚು ಕೊಡಲಿ ಎನ್ನುವ ಲೆಕ್ಕ ಅದು, ಸರಿಯಾದ ಲೆಕ್ಕವೇ. ಆದರೆ 22 ಲಕ್ಷದ ಡೀಸೆಲ್ ಗಾಡಿಗೂ 22 ಲಕ್ಷದ ಪೆಟ್ರೋಲ್ ಗಾಡಿಗೂ ಇಲ್ಲಿ ಒಂದೇ ತೆರಿಗೆ. ಲೀಟರಿಗೆ 10 ಕಿ.ಮೀ. ಕೊಡುವುದಕ್ಕೂ 20 ಕೊಡುವುದಕ್ಕೂ ಒಂದೇ. ನಿಮ್ಮ ತಮ್ಮನ ರಾಜ್ಯದಲ್ಲಿ ದರ ಕಡಿಮೆ ಇರಬಹುದು, ಆದರೆ ಅಲ್ಲಿ ಡೀಸೆಲ್ ಕಾರಿಗೆ ಪೆಟ್ರೋಲ್ ಕಾರಿಗಿಂತ ಶೇ 2 ಜಾಸ್ತಿ. ಹೊಗೆಯನ್ನು ಅಷ್ಟಾದರೂ ಎಣಿಸಿದ್ದಾರೆ.

ಬಿಎಸ್-6 ಬಗ್ಗೆ ನೀವು ಹೇಳಿದ್ದು ನಿಜ. ಆ ಎಂಜಿನ್ ಮಸಿಯನ್ನೂ ನೈಟ್ರೋಜನ್ ಆಕ್ಸೈಡನ್ನೂ ಬಹಳ ತಗ್ಗಿಸಿದೆ. ಆದರೆ ಇಂಗಾಲದ ಡೈಆಕ್ಸೈಡ್ ತಗ್ಗಿಸುವ ಫಿಲ್ಟರ್ ಯಾವ ಕಾರಿನಲ್ಲೂ ಇಲ್ಲ. ಎಷ್ಟು ಡೀಸೆಲ್ ಉರಿಯಿತೋ ಅಷ್ಟು ಹೊರಗೆ ಬಂದೇ ಬರುತ್ತದೆ. ಒಂದು ಕಂಪನಿ ಮಾರುವ ಕಾರುಗಳ ಸರಾಸರಿಗೆ 2022-23ರಿಂದ ಇಟ್ಟಿರುವ ಗುರಿ ಕಿ.ಮೀ.ಗೆ ಸುಮಾರು 113 ಗ್ರಾಂ. ಲೀಟರಿಗೆ 12 ಕಿ.ಮೀ. ಓಡುವ ಡೀಸೆಲ್ ಗಾಡಿ ಅದರ ಎರಡು ಪಟ್ಟು ಬಿಡುತ್ತದೆ.

ನನಗೆ ತುಂಬಾ ಮುಖ್ಯ ಎನಿಸುವ ಮಾತು ಇದಲ್ಲ, ಡೀಸೆಲ್ ದರದ್ದು. ನಮ್ಮ ರಾಜ್ಯ ಪೆಟ್ರೋಲ್ ಮೇಲೆ ಶೇ 29.84 ಮಾರಾಟ ತೆರಿಗೆ ಹಾಕುತ್ತದೆ. ಡೀಸೆಲ್ ಮೇಲೆ, 2025ರ ಏಪ್ರಿಲ್‌ನಲ್ಲಿ ಏರಿಸಿದ ಮೇಲೂ, ಶೇ 21.17. ಕೊಗನೊಳಿ, ನಿಪ್ಪಾಣಿ ಕಡೆಯ ಬಂಕ್‌ಗಳಲ್ಲಿ ಮಹಾರಾಷ್ಟ್ರದ ಎಂಎಚ್ ನಂಬರಿನ ಲಾರಿಗಳು ಟ್ಯಾಂಕ್ ತುಂಬಿಸಿಕೊಂಡು ಹೋಗುವುದನ್ನು ನೀವೇ ನೋಡಿರುತ್ತೀರಿ. ಡೀಸೆಲ್ ತೆರಿಗೆಯನ್ನು ಕೆಳಗೆ ಹಿಡಿದಿಟ್ಟಿರುವುದು ಯಾರಿಗಾಗಿ? ಹೊಲ ಉಳುವ ಟ್ರ್ಯಾಕ್ಟರ್‌ಗೆ, ಎಪಿಎಂಸಿಗೆ ಉಳ್ಳಾಗಡ್ಡಿ ತರುವ ಲಾರಿಗೆ, ಬಸ್ಸಿಗೆ. ಅದೇ ರಿಯಾಯಿತಿ ದರದ ಡೀಸೆಲ್ ನಿಮ್ಮ ಗಾಡಿಗೂ ಬೀಳುತ್ತದೆ. ಬಂಕಿನಲ್ಲಿ ರೈತನಿಗೊಂದು ದರ, ನಿಮಗೊಂದು ದರ ಅಂತ ಇಡಲು ಆಗುವುದಿಲ್ಲ. ಹಾಗಾಗಿ ಆ ವ್ಯತ್ಯಾಸವನ್ನು ಗಾಡಿ ಕೊಳ್ಳುವಾಗಲೇ ವಸೂಲಿ ಮಾಡುವುದು ಒಂದೇ ದಾರಿ. ಇದು ಶಿಕ್ಷೆಯಲ್ಲ, ರೈತನ ಪಾಲಿನ ರಿಯಾಯಿತಿಯನ್ನು ವಾಪಸ್ ಕೊಡುವುದು.

ಕ್ರೂಸರ್ ಅಣ್ಣನಿಗೂ ನಿಮಗೂ ಇರುವ ದೊಡ್ಡ ವ್ಯತ್ಯಾಸ ಶೋರೂಮಿನಲ್ಲಿದೆ. ನೀವು ಒಳಗೆ ಹೋದಾಗ ಪೆಟ್ರೋಲ್, ಹೈಬ್ರಿಡ್, ಎಲೆಕ್ಟ್ರಿಕ್, ಚಿಕ್ಕದು, ದೊಡ್ಡದು ಎಲ್ಲವೂ ನಿಮ್ಮ ಮುಂದೆ ಇದ್ದವು. ಆರಿಸಿಕೊಳ್ಳುವ ಶಕ್ತಿ ಇದ್ದವರ ಮೇಲೆ, ಆರಿಸಿಕೊಳ್ಳುವ ಹೊತ್ತಿನಲ್ಲೇ ತೆರಿಗೆ ಬೀಳಬೇಕು. ಬ್ರಿಟನ್ 2001ರಿಂದ ಹೊಸ ಕಾರುಗಳ ತೆರಿಗೆಯನ್ನು ಇಂಗಾಲದ ಪ್ರಮಾಣಕ್ಕೆ ಜೋಡಿಸಿತು. ಫ್ರಾನ್ಸ್ 2008ರಲ್ಲಿ ಕಡಿಮೆ ಹೊಗೆಯ ಕಾರಿಗೆ ಸಹಾಯಧನ ಕೊಟ್ಟು, ಜಾಸ್ತಿ ಹೊಗೆಯ ಕಾರಿನಿಂದ ಹೆಚ್ಚುವರಿ ಪಡೆಯಲು ಶುರು ಮಾಡಿತು. 2022ರಲ್ಲಿ ಅಲ್ಲಿ 1,800 ಕಿಲೋ ಮೀರಿದ ಭಾರಕ್ಕೂ ತೆರಿಗೆ ಬಂತು, ಆಮೇಲೆ ಆ ಮಿತಿ ಇನ್ನೂ ಕೆಳಗಿಳಿಯಿತು. ನಮ್ಮ ಸುಪ್ರೀಂ ಕೋರ್ಟ್ ಕೂಡ 1996ರಲ್ಲೇ, ತಮಿಳುನಾಡಿನ ಚರ್ಮ ಹದ ಮಾಡುವ ಕಾರ್ಖಾನೆಗಳ ಪ್ರಕರಣದಲ್ಲಿ, ಮಲಿನ ಮಾಡಿದವರೇ ಅದರ ಬೆಲೆ ತೆರಬೇಕು ಎಂಬುದು ಈ ದೇಶದ ಕಾನೂನಿನ ಭಾಗ ಎಂದಿದೆ.

ಆದರೆ ಒಂದು ವಿಷಯದಲ್ಲಿ ನಾನು ನಿಮ್ಮ ಪರ. ಈಗಾಗಲೇ ಜೀವಾವಧಿ ತೆರಿಗೆ ಕಟ್ಟಿದವರಿಂದ ಮತ್ತೆ ಕೇಳಬಾರದು. ಹೊಸ ದರ ಬಂದರೆ ಅದು ಮುಂದೆ ಕೊಳ್ಳುವವರಿಗೆ ಮಾತ್ರ ಅನ್ವಯಿಸಲಿ, ಬರುವ ತಾರೀಖನ್ನು ಮೊದಲೇ ಹೇಳಿರಲಿ. ಹಾಗೇ, ತಮ್ಮನ ವಿಳಾಸದಲ್ಲಿ ಎಂಎಚ್-09 ನಂಬರ್ ಮಾಡಿಸಿಬಿಡೋಣ ಎನ್ನುವ ಯೋಚನೆ ಯಾರಿಗಾದರೂ ಇದ್ದರೆ ಬಿಡಿ. ಒಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಗಾಡಿ ಇಟ್ಟರೆ ಅಲ್ಲಿನ ನಂಬರ್ ಪಡೆಯಲೇಬೇಕು.

ಪ್ರಶ್ನೆ: ನಾನು ಪಿಯುಸಿ ಓದುತ್ತಿದ್ದೇನೆ. ಕಬ್ಬಿನ ಹಂಗಾಮು ಶುರುವಾದರೆ ನಮ್ಮ ಮನೆ ಮುಂದೆ ರಾತ್ರಿಯಿಡೀ ಟ್ರ್ಯಾಕ್ಟರ್‌ಗಳು. ಒಂದೊಂದಕ್ಕೂ ಎರಡೆರಡು ಟ್ರ್ಯಾಲಿ. ಏರು ಬಂದರೆ ಕರಿ ಹೊಗೆ ಕಿಟಕಿಯೊಳಗೇ ಬರುತ್ತದೆ. ಇವಕ್ಕೂ ಹೊಗೆ ತೆರಿಗೆ ಹಾಕಬೇಕಲ್ಲವೇ ಮೇಡಂ? ಆದರೆ ನಮ್ಮಪ್ಪನೂ ರೈತರೇ.
- ವಿದ್ಯಾರ್ಥಿನಿ, ಮುಧೋಳ

ಉತ್ತರ: ಕಷ್ಟದ ಪ್ರಶ್ನೆ ಕೇಳಿದ್ದೀಯಮ್ಮ. ಅಪ್ಪ ರೈತರೆಂದು ಕೇಳದೆ ಸುಮ್ನೆ ಇರಲಿಲ್ಲ, ಅದಕ್ಕೆ ನನಗೆ ಸಂತೋಷ.

2021ರ ಆ ಪ್ರಸ್ತಾವದಲ್ಲಿ ಟ್ರ್ಯಾಕ್ಟರ್, ಟಿಲ್ಲರ್, ಹಾರ್ವೆಸ್ಟರ್‌ಗಳಿಗೆ ವಿನಾಯಿತಿ ಇತ್ತು. ಹೊಲದಲ್ಲಿ ಉಳುವ ಟ್ರ್ಯಾಕ್ಟರ್‌ಗೆ ಆ ವಿನಾಯಿತಿ ಇರಲೇಬೇಕು. ಇನ್ನೊಂದು ವಿಷಯ ಗೊತ್ತಿರಲಿ. ಟ್ರ್ಯಾಕ್ಟರ್‌ಗಳ ಹೊಗೆ ಮಿತಿ ಕಾರಿನಷ್ಟು ಬಿಗಿಯಿಲ್ಲ. 2023ರ ಜನವರಿಯಿಂದ ಬಿಗಿ ಮಾಡಿದ್ದು 50 ಎಚ್‌ಪಿ ಮೇಲಿನವಕ್ಕೆ ಮಾತ್ರ. ನಮ್ಮ ಕಡೆ ಓಡಾಡುವವು ಬಹುತೇಕ ಅದಕ್ಕಿಂತ ಚಿಕ್ಕವು.

ಆದರೆ ಹಂಗಾಮಿನಲ್ಲಿ ನಿಮ್ಮ ಮನೆ ಮುಂದೆ ಹೋಗುವ ಟ್ರ್ಯಾಕ್ಟರ್ ಆಗ ಹೊಲದ ಗಾಡಿಯಲ್ಲ. ಕಾರ್ಖಾನೆಗೆ ಕಬ್ಬು ಸಾಗಿಸುವ ಗುತ್ತಿಗೆಯ ಗಾಡಿ. ಉಳುವುದಕ್ಕೆಂದು ಮಾಡಿದ ಎಂಜಿನ್ನಿಗೆ ಎರಡು ಟ್ರ್ಯಾಲಿ ಕಬ್ಬು ಕಟ್ಟಿದರೆ ಏರಿನಲ್ಲಿ ಕರಿ ಹೊಗೆ ಬರದೆ ಇನ್ನೇನು ಬರುತ್ತದೆ? ರಸ್ತೆಗೂ ಅದು ಕೇಡು. ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಯ ಸವೆತ ಸುಮಾರು 16 ಪಟ್ಟಾಗುತ್ತದೆ. ಅಮೆರಿಕದ ಇಲಿನಾಯ್‌ನಲ್ಲಿ 1950ರ ದಶಕದ ಕೊನೆಗೆ ನಡೆದ ದೊಡ್ಡ ರಸ್ತೆ ಪರೀಕ್ಷೆಯಿಂದ ಬಂದ ಲೆಕ್ಕ ಇದು.

ನನ್ನ ಅಭಿಪ್ರಾಯ ಇಷ್ಟು: ಈ ತೆರಿಗೆ ಟ್ರ್ಯಾಕ್ಟರ್ ಮಾಲೀಕನ ಮೇಲೂ ಬೇಡ, ಕಬ್ಬು ಬೆಳೆದವನ ಮೇಲೂ ಬೇಡ. ಸಾಗಣೆಯ ಗುತ್ತಿಗೆ ಕೊಡುವ ಕಾರ್ಖಾನೆ ಕಟ್ಟಲಿ, ನುರಿಸಿದ ಟನ್ನಿನ ಲೆಕ್ಕದಲ್ಲಿ. ಸಾಗಣೆ ವೆಚ್ಚದ ನೆಪದಲ್ಲಿ ಅದನ್ನು ಕಬ್ಬಿನ ಬಿಲ್ಲಿನಿಂದ ಮುರಿದುಕೊಳ್ಳಬಾರದು ಎಂದು ಕಾನೂನಿನಲ್ಲೇ ಬರೆದಿರಬೇಕು. ಪೆಟ್ರೋಲಿನಲ್ಲಿ ಶೇ 20 ಎಥೆನಾಲ್ ಬೆರೆಸುವ ಕಾಲ ಇದು. ಆ ಎಥೆನಾಲ್‌ನ ಒಂದು ಪಾಲು ಕಬ್ಬಿನಿಂದಲೇ ಬರುತ್ತದೆ. ಶುದ್ಧ ಇಂಧನ ಎಂದು ಮಾರುವ ಸರಕಿಗೆ ಕಬ್ಬು ತರುವ ದಾರಿಯೂ ಸ್ವಲ್ಪ ಶುದ್ಧವಾಗಿರಲಿ ಎಂದು ಕೇಳುವುದು ತಪ್ಪೇನಲ್ಲ. ಈ ಮಾತನ್ನು ನಿಮ್ಮಪ್ಪನ ಮುಂದೆಯೂ ಇಡು. ಅವರು ಏನಂದರು ಅಂತ ನನಗೆ ಬರಿ.

ಪ್ರಶ್ನೆ: ಕೂಡಗಿಯಲ್ಲಿ ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡುತ್ತಾರೆ. ಆ ಕರೆಂಟಿನಲ್ಲಿ ಓಡುವ ಎಲೆಕ್ಟ್ರಿಕ್ ಕಾರು ಶುದ್ಧ ಹೇಗಾಗುತ್ತದೆ?
- ಓದುಗರು, ಕೊಲ್ಹಾರ

ಉತ್ತರ: ಪೂರ್ತಿ ಶುದ್ಧ ಅಲ್ಲ. ಕೂಡಗಿಯದು 2,400 ಮೆಗಾವಾಟ್ ಸಾಮರ್ಥ್ಯದ ಸ್ಥಾವರ. ದೇಶದ ಸರಾಸರಿ ನೋಡಿದರೆ ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್. ಕಿ.ಮೀ.ಗೆ 0.15 ಯೂನಿಟ್ ಕುಡಿಯುವ ಎಲೆಕ್ಟ್ರಿಕ್ ಕಾರಿನ ಪಾಲಿಗೆ 105 ಗ್ರಾಂ ಬರುತ್ತದೆ. ಲೀಟರಿಗೆ 20 ಕಿ.ಮೀ. ಕೊಡುವ ಚಿಕ್ಕ ಪೆಟ್ರೋಲ್ ಕಾರಿನದು 115. ಅಂತರ ಸಣ್ಣದು. ಗಾಳಿ, ಬಿಸಿಲಿನ ಕರೆಂಟ್ ಜಾಸ್ತಿಯಾದಷ್ಟೂ ಆ ಅಂತರ ಬೆಳೆಯುತ್ತದೆ. ಊರೊಳಗೆ ಮಸಿ ಬಿಡುವುದಿಲ್ಲ ಎನ್ನುವುದಂತೂ ಈಗಲೇ ಇರುವ ಲಾಭ. ಹಾಗಾಗಿ ಚಿಕ್ಕ ಎಲೆಕ್ಟ್ರಿಕ್ ಸ್ಕೂಟರ್, ಎಲೆಕ್ಟ್ರಿಕ್ ಟಂಟಂಗಳಿಗೆ ರಿಯಾಯಿತಿ ಕೊಡುವುದು ನ್ಯಾಯ. 25 ಲಕ್ಷ ದಾಟಿದ ಎಲೆಕ್ಟ್ರಿಕ್ ಕಾರುಗಳಿಗೆ 2024ರಲ್ಲಿ ರಾಜ್ಯ ಶೇ 10 ತೆರಿಗೆ ಹಾಕಿತು. ಅದೂ ನ್ಯಾಯವೇ.

ಪ್ರಶ್ನೆ: ನನ್ನ ಸ್ಕೂಟಿಗೆ 15 ವರ್ಷ ಮುಗಿಯುತ್ತಾ ಬಂತು. ಮಗನನ್ನು ಶಾಲೆಗೆ ಬಿಡುವುದಕ್ಕೆ, ಕಾಯಿಪಲ್ಲೆ ತರುವುದಕ್ಕೆ ಅಷ್ಟೇ ಓಡಿಸುತ್ತೇನೆ. ಹಳೆಯದು ಎಂದು ಮಾರಿಬಿಡಲೇ?
- ಗೃಹಿಣಿ, ನವನಗರ, ಬಾಗಲಕೋಟೆ

ಉತ್ತರ: ಬೇಡಮ್ಮ. ದಿನಕ್ಕೆ ನಾಲ್ಕೈದು ಕಿ.ಮೀ. ಓಡುವ ಸ್ಕೂಟಿ, ಹೊಗೆ ಸರ್ಟಿಫಿಕೇಟ್ ಪಾಸಾಗುತ್ತಿದ್ದರೆ, ಯಾರಿಗೂ ತೊಂದರೆ ಕೊಡುತ್ತಿಲ್ಲ. ಕಾರ್ಬುರೇಟರ್ ಕ್ಲೀನ್ ಮಾಡಿಸಿ, ಸ್ಪಾರ್ಕ್ ಪ್ಲಗ್ ಬದಲಿಸಿ, ಆಯಿಲ್ ಹಾಕಿಸಿ. ಆರ್‌ಸಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ ದ್ವಿಚಕ್ರಕ್ಕೆ 1,000 ರೂಪಾಯಿ ಆಗಿದೆ. ಮೊದಲು 300 ಇತ್ತು. 20 ವರ್ಷ ದಾಟಿದವಕ್ಕೆ 2025ರಿಂದ 2,000. ಹಸಿರು ತೆರಿಗೆ ಬೇರೆ ಕಟ್ಟಬೇಕು. ಅವಧಿ ಮೀರಿದರೆ ತಿಂಗಳಿಗೆ 300 ರೂಪಾಯಿ ದಂಡ ಸೇರುತ್ತಾ ಹೋಗುತ್ತದೆ. ಆರ್‌ಸಿಯಲ್ಲಿರುವ ತಾರೀಖು ನೋಡಿಕೊಂಡು, ಅದಕ್ಕೂ ಮೊದಲೇ ಅರ್ಜಿ ಹಾಕಿ.